ಗಡಿ ದಾಟುವ ತಂದೆತಾಯಿ: ಜೊತೆಗೆ ಬರುವ ಸೌಲಭ್ಯ, ಹಿಂದೆಯೇ ಉಳಿಯುವ ಸೌಲಭ್ಯ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗ. ಇಲ್ಲಿಗೂ ಆಂಧ್ರದ ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ಹಿಂದೂಪುರಗಳಿಗೂ ಹೆಣ್ಣು ಕೊಟ್ಟು ತರುವ ನಂಟು ಹಳೆಯದು. ಪಾವಗಡವನ್ನಂತೂ ಆಂಧ್ರದ ನೆಲವೇ ಬಹುಪಾಲು ಸುತ್ತುವರಿದಿದೆ. ಅಮರಾಪುರದಲ್ಲಿ ಒಂಟಿಯಾಗಿ ಉಳಿದ ತಾಯಿಯನ್ನು ಶಿರಾದ ಮಗಳು ಮನೆಗೆ ಕರೆತಂದರೆ ಊರಿನ ಕಣ್ಣಿಗೆ ಅದು ಪಕ್ಕದೂರಿನ ಪ್ರಯಾಣ. ಸರ್ಕಾರದ ದಾಖಲೆಗೆ ಅದು ರಾಜ್ಯದಿಂದ ರಾಜ್ಯಕ್ಕೆ ವಾಸ ಬದಲಾವಣೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಹಿರಿಯರು ತಿಂಗಳುಗಟ್ಟಲೆ ಕೈಯಲ್ಲಿ ಕಾಸಿಲ್ಲದೆ ಕೂರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡುವ ತಪ್ಪು ಕಲ್ಪನೆ ವೃದ್ಧಾಪ್ಯ ವೇತನದ್ದು. ಬ್ಯಾಂಕ್ ಖಾತೆಯನ್ನು ಒಂದು ಶಾಖೆಯಿಂದ ಇನ್ನೊಂದಕ್ಕೆ ಬದಲಾಯಿಸಿದ ಹಾಗೆ ಪಿಂಚಣಿಯನ್ನೂ ಇಲ್ಲಿಗೆ ವರ್ಗ ಮಾಡಿಸಬಹುದು ಎಂದು ಬಹಳ ಜನ ನಂಬಿದ್ದಾರೆ. ಹಾಗೆ ವರ್ಗ ಮಾಡುವ ವ್ಯವಸ್ಥೆಯೇ ಇಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500 ರೂಪಾಯಿ ಮಾತ್ರ. ಉಳಿದದ್ದನ್ನು ಸೇರಿಸುವುದು ಆಯಾ ರಾಜ್ಯ, ಅದೂ ತನ್ನ ನಿವಾಸಿಗಳಿಗೆ. ಆಂಧ್ರದಲ್ಲಿ 2024ರ ಜುಲೈನಿಂದ ವೃದ್ಧರ ಪಿಂಚಣಿ ತಿಂಗಳಿಗೆ 4,000 ರೂಪಾಯಿ. ತಿಂಗಳ ಮೊದಲಲ್ಲಿ ಗ್ರಾಮ ಸಚಿವಾಲಯದ ಸಿಬ್ಬಂದಿ ಮನೆಬಾಗಿಲಿಗೇ ತಂದುಕೊಡುತ್ತಾರೆ. ಕರ್ನಾಟಕದಲ್ಲಿ 65 ದಾಟಿದವರಿಗೆ ಸಿಗುವ ಸಂಧ್ಯಾ ಸುರಕ್ಷಾ ವೇತನ 2021ರಲ್ಲಿ ಏರಿದ ಮೇಲೆ 1,200 ರೂಪಾಯಿ. ಅಂದರೆ ವಾಸ ಬದಲಾದರೆ ತಾಯಿಯ ತಿಂಗಳ ವರಮಾನದಲ್ಲಿ 2,800 ರೂಪಾಯಿ ಕಡಿಮೆಯಾಗುತ್ತದೆ. ಹಾಸಿಗೆ ಹಿಡಿದವರ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಪಾರ್ಶ್ವವಾಯುವಿನಿಂದ ಹಾಸಿಗೆ ಅಥವಾ ಗಾಲಿಕುರ್ಚಿಗೆ ಸೀಮಿತರಾದವರಿಗೆ ಆಂಧ್ರ ತಿಂಗಳಿಗೆ 15,000 ರೂಪಾಯಿ ಕೊಡುತ್ತದೆ, ಕರ್ನಾಟಕದಲ್ಲಿ ಶೇ. 75ಕ್ಕಿಂತ ಹೆಚ್ಚಿನ ಅಂಗವೈಕಲ್ಯಕ್ಕೆ ಸಿಗುವುದು 1,400 ರೂಪಾಯಿ. ಕರೆತರುವ ದಿನ ಗೊತ್ತುಮಾಡುವ ಮೊದಲೇ ಮನೆಯವರೆಲ್ಲ ಕೂತು ಈ ಲೆಕ್ಕ ಹಾಕಬೇಕು. ಎಷ್ಟೋ ಮನೆಗಳಲ್ಲಿ ಲೆಕ್ಕ ತಿಳಿಯುವುದು ಸಾಮಾನು ಸಾಗಿಸಿದ ಮೇಲೆ.

ಇದರ ಬೆನ್ನಿಗೇ ಬರುವ ಇನ್ನೊಂದು ನಂಬಿಕೆ ಎಂದರೆ, ಅಲ್ಲಿನದನ್ನು ಬಿಡದೆ ಇಲ್ಲಿಯೂ ಅರ್ಜಿ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು. ಒಬ್ಬರೇ ಎರಡು ರಾಜ್ಯಗಳಲ್ಲಿ ಸಾಮಾಜಿಕ ಭದ್ರತಾ ಪಿಂಚಣಿ ಪಡೆಯುವುದು ನಿಯಮಕ್ಕೆ ವಿರುದ್ಧ. ಎರಡೂ ಕಡೆಯ ಪಿಂಚಣಿ ಆಧಾರ್‌ಗೆ ಜೋಡಣೆಯಾಗಿದೆ. ಸಿಕ್ಕಿಬಿದ್ದರೆ ಕೊಟ್ಟ ಹಣವನ್ನು ವಾಪಸು ಕೇಳಬಹುದು. ಸರಿಯಾದ ದಾರಿ ಹೀಗಿದೆ: ಮೊದಲು ಆಧಾರ್‌ನ ವಿಳಾಸ ಬದಲಾಗಬೇಕು. ತಾಯಿಯ ಹೆಸರಿನಲ್ಲಿ ಇಲ್ಲಿನ ವಿಳಾಸದ ದಾಖಲೆ ಏನೂ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಕುಟುಂಬದ ಮುಖ್ಯಸ್ಥರ ಆಧಾರ್ ಆಧರಿಸಿ ವಿಳಾಸ ಬದಲಾಯಿಸುವ ಸೌಲಭ್ಯ 2023ರಿಂದ ಇದೆ. ಸಂಬಂಧ ತೋರಿಸುವ ಒಂದು ದಾಖಲೆ ಬೇಕು, ಮಗ ಅಥವಾ ಮಗಳು 30 ದಿನದೊಳಗೆ ಒಪ್ಪಿಗೆ ಕೊಡಬೇಕು. ಆಮೇಲೆ ಅಲ್ಲಿನ ಪಿಂಚಣಿಯನ್ನು ಬರಹದಲ್ಲಿ ಬಿಟ್ಟುಕೊಟ್ಟು, ಅದರ ಪತ್ರವನ್ನು ಇಟ್ಟುಕೊಂಡು, ಇಲ್ಲಿನ ನಾಡಕಚೇರಿಯಲ್ಲಿ ವಾಸಸ್ಥಳ ಮತ್ತು ಆದಾಯ ಪ್ರಮಾಣಪತ್ರದೊಂದಿಗೆ ಹೊಸ ಅರ್ಜಿ. ಆದಾಯದ ಮಿತಿ ವರ್ಷಕ್ಕೆ 32,000 ರೂಪಾಯಿ. ಅರ್ಜಿಗೂ ಮಂಜೂರಾತಿಗೂ ನಡುವಿನ ತಿಂಗಳುಗಳ ಖರ್ಚನ್ನು ಮನೆಯವರು ಮೊದಲೇ ಎತ್ತಿಡಬೇಕಾಗುತ್ತದೆ.

ಎಲ್ಲವೂ ಗಡಿಯಾಚೆ ಉಳಿಯುತ್ತದೆ ಎಂದುಕೊಳ್ಳುವುದೂ ಅಷ್ಟೇ ತಪ್ಪು. ದುಡಿದು ಗಳಿಸಿದ ಪಿಂಚಣಿ ಮನುಷ್ಯನ ಜೊತೆಗೇ ಬರುತ್ತದೆ. ಕಾರ್ಖಾನೆಯಲ್ಲಿ ದುಡಿದ ತಂದೆಗೆ ಭವಿಷ್ಯ ನಿಧಿಯ ಪಿಂಚಣಿ ಇದ್ದರೆ, 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಅದನ್ನು ಪಡೆಯಬಹುದು. ಪಿಂಚಣಿ ಆದೇಶವನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸುವ ಅಲೆದಾಟವಿಲ್ಲ. ವರ್ಷಕ್ಕೊಮ್ಮೆ ಕೊಡುವ ಜೀವಂತ ಪ್ರಮಾಣಪತ್ರವನ್ನು ಆಧಾರ್ ಮೂಲಕ ಶಿರಾದಲ್ಲೇ ಕೊಡಬಹುದು. ಪಿಎಂ-ಕಿಸಾನ್‌ನ ವರ್ಷದ 6,000 ರೂಪಾಯಿ ಜಮೀನಿನ ಮೇಲೆ ನಿಂತ ಹಣ. ಹೊಲ ರೊಳ್ಳದಲ್ಲಿದ್ದು, ಯಜಮಾನ ಮಧುಗಿರಿಯಲ್ಲಿದ್ದ ಮಾತ್ರಕ್ಕೆ ಅದು ನಿಲ್ಲಬೇಕಿಲ್ಲ. ಅಂಗವೈಕಲ್ಯ ಪ್ರಮಾಣಪತ್ರಕ್ಕೂ ದೇಶದಾದ್ಯಂತ ಮಾನ್ಯತೆ ಇದೆ. ಹೊಸ ರಾಜ್ಯಕ್ಕೆ ಬಂದೆವೆಂದು ಮತ್ತೆ ವೈದ್ಯಕೀಯ ಮಂಡಳಿಯ ಮುಂದೆ ಹಿರಿಯರನ್ನು ಎತ್ತಿಕೊಂಡು ಹೋಗಬೇಕಾಗಿಲ್ಲ.

ಪಡಿತರದ ಮಾತು ಸ್ವಲ್ಪ ಸಿಕ್ಕಿನದು. ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಗೆ ಆಂಧ್ರ, ಕರ್ನಾಟಕ ಎರಡೂ 2020ರ ಆರಂಭದಿಂದಲೇ ಸೇರಿವೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿಯ ಚೀಟಿ ಇದ್ದರೆ, ತಾಯಿ ತನ್ನ ಪಾಲನ್ನು ಪಾವಗಡದ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟೊತ್ತಿ ತೆಗೆದುಕೊಳ್ಳಬಹುದು, ಆಂಧ್ರದಲ್ಲಿ ಉಳಿದ ಮಗ ತನ್ನ ಪಾಲನ್ನು ಅಲ್ಲೇ ಪಡೆಯಬಹುದು. ಆದರೆ ಸಿಗುವುದು ಕೇಂದ್ರದ ಪಾಲು ಮಾತ್ರ. ಅನ್ನಭಾಗ್ಯದಲ್ಲಿ ಕರ್ನಾಟಕ ತನ್ನ ಕಡೆಯಿಂದ ಸೇರಿಸುವ ಭಾಗ ಹೊರರಾಜ್ಯದ ಚೀಟಿಗೆ ಬರುವುದಿಲ್ಲ. ಆಂಧ್ರ ಸರ್ಕಾರ ತನ್ನದೇ ಖರ್ಚಿನಲ್ಲಿ ಕೊಟ್ಟ ಕೆಲವು ಅಕ್ಕಿ ಚೀಟಿಗಳು ಕೇಂದ್ರದ ಕಾಯ್ದೆಯ ಪಟ್ಟಿಯಲ್ಲೇ ಇಲ್ಲ, ಅವು ಗಡಿ ದಾಟಿದರೆ ನಡೆಯುವುದಿಲ್ಲ. ಕಾಯಂ ಆಗಿ ಬಂದವರು ಅಲ್ಲಿ ಹೆಸರು ತೆಗೆಸಿ, ಇಲ್ಲಿನ ಮನೆಯ ಚೀಟಿಗೆ ಸೇರಿಸುವುದೇ ಮೇಲು. ಮಹಿಳೆಯರ ಉಚಿತ ಬಸ್ ಪ್ರಯಾಣಕ್ಕೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು.

ಆಸ್ಪತ್ರೆಯ ವಿಷಯದಲ್ಲಿ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಯಾವ ರಾಜ್ಯದವರೆಂಬ ತಡೆ ಇಲ್ಲ. ದೊಡ್ಡ ಚಿಕಿತ್ಸೆಗೆ ಬೇಕಾಗುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಚೀಟಿಯ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು; ಅದಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋದವರು ಬಿಲ್ಲನ್ನು ತಾವೇ ಕಟ್ಟಬೇಕಾಗಿ ಬರುತ್ತದೆ.

ಇನ್ನು ಆರೈಕೆಯ ಪ್ರಶ್ನೆ. ಹೆತ್ತವರನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಮಗನಿಗೋ ಮಗಳಿಗೋ ಸರ್ಕಾರ ಸಂಬಳ ಕೊಡುತ್ತದೆ ಎಂಬ ಸುದ್ದಿ ಹೊರದೇಶದಲ್ಲಿರುವ ನೆಂಟರ ಮಾತಿನಿಂದ ಹಬ್ಬಿದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಮೆಡಿಕೇಡ್ ಮೂಲಕ ಮನೆಯವರಿಗೇ ಆರೈಕೆಯ ಕೂಲಿ ಸಿಗುವುದು ನಿಜ. ಭಾರತದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯವರಿಗೆ ಅಂಥ ಸಾಮಾನ್ಯ ಯೋಜನೆ ಇಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಇರಬೇಕೆನ್ನುತ್ತದೆ. ಕೇರಳ ‘ಆಶ್ವಾಸಕಿರಣಂ’ ಹೆಸರಿನಲ್ಲಿ ತಿಂಗಳಿಗೆ 600 ರೂಪಾಯಿಯ ಯೋಜನೆ ಮಾಡಿತು. ಕರ್ನಾಟಕ 2024–25ರ ಬಜೆಟ್‌ನಲ್ಲಿ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೀರೋಸಿಸ್, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಬರೀ ಮುಪ್ಪಿನಿಂದ ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡುವ ಸೊಸೆ ಇದರಲ್ಲಿ ಬರುವುದಿಲ್ಲ. ಇದು ನ್ಯಾಯವಲ್ಲ. ಹಗಲು ಕೂಲಿ ಬಿಟ್ಟು, ರಾತ್ರಿ ನಿದ್ದೆ ಬಿಟ್ಟು ಮಾಡುವ ಆ ದುಡಿಮೆ ಯಾವ ಲೆಕ್ಕಪುಸ್ತಕದಲ್ಲೂ ಕಾಣುವುದಿಲ್ಲ.

ಆದರೂ ಹಣದ ಹೊರೆ ಹಂಚಿಕೊಳ್ಳುವ ಕಾನೂನಿನ ದಾರಿ ಒಂದಿದೆ. ಅದು ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ, 2007. ಆಂಧ್ರದಿಂದ ಬಂದವರ ಅರ್ಜಿಯನ್ನು ಇಲ್ಲಿ ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಸರಿಯಲ್ಲ. ಹಿರಿಯರು ಈಗ ಇರುವ ಅಥವಾ ಹಿಂದೆ ಇದ್ದ ಜಿಲ್ಲೆಯಲ್ಲಿ, ಇಲ್ಲವೇ ಮಕ್ಕಳು ಇರುವ ಜಿಲ್ಲೆಯಲ್ಲಿ ಅರ್ಜಿ ಹಾಕಬಹುದು. ಈ ನಾಲ್ಕು ತಾಲ್ಲೂಕಿನವರಿಗೆ ಅದು ಮಧುಗಿರಿಯ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ. ವಕೀಲರ ಅಗತ್ಯವಿಲ್ಲ. ಹೆಣ್ಣುಮಕ್ಕಳಿಗೆ ಈ ಹೊಣೆ ಇಲ್ಲ ಎಂಬುದೂ ತಪ್ಪು ತಿಳಿವಳಿಕೆ. ಗಂಡು, ಹೆಣ್ಣು, ವಯಸ್ಸಿಗೆ ಬಂದ ಮೊಮ್ಮಕ್ಕಳು ಎಲ್ಲರೂ ಹೊಣೆಗಾರರು. ಒಬ್ಬ ಮಗನ ಮೇಲೆ ಅರ್ಜಿ ಬಂದರೆ ಅವನು ಉಳಿದ ಒಡಹುಟ್ಟಿದವರನ್ನೂ ಅದರಲ್ಲಿ ಸೇರಿಸಬಹುದು. ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೊಡಿಸಬಹುದು, ನೋಟಿಸು ತಲುಪಿದ 90 ದಿನದಲ್ಲಿ ತೀರ್ಮಾನವಾಗಬೇಕು. ಹಣ ಹೋಗುವುದು ತಂದೆಗೋ ತಾಯಿಗೋ. ತಮ್ಮನ್ನು ನೋಡಿಕೊಳ್ಳುತ್ತಿರುವ ಮಗಳ ಕೈಗೆ ಅದನ್ನು ಕೊಡಲು ಅವರಿಗೆ ಸ್ವಾತಂತ್ರ್ಯವಿದೆ. ಮನೆಯವರಿಗೆ ಆರೈಕೆಯ ಹಣ ತಲುಪಲು ಇಲ್ಲಿ ಸದ್ಯಕ್ಕೆ ಇರುವ ಹತ್ತಿರದ ದಾರಿ ಇದೇ. ಸಲಹೆ ಬೇಕಾದವರು ಹಿರಿಯರ ಸಹಾಯವಾಣಿ 14567ಕ್ಕೆ ಯಾವ ರಾಜ್ಯದಿಂದಲಾದರೂ ಕರೆ ಮಾಡಬಹುದು.

ಊರು ಬಿಡುವಾಗ ಅಲ್ಲಿನ ಮನೆ, ಹೊಲವನ್ನು ನೋಡಿಕೊಳ್ಳುವವರ ಹೆಸರಿಗೆ ಬರೆದುಕೊಡುವುದು ರೂಢಿ. ಮುಂದೆ ಅವರು ಕೈಬಿಟ್ಟರೆ ಆಸ್ತಿ ತಾನಾಗಿ ವಾಪಸು ಬರುತ್ತದೆ ಎಂದು ಹಿರಿಯರು ನಂಬಿರುತ್ತಾರೆ. ಇದೇ ಕಾಯ್ದೆಯ 23ನೇ ಕಲಂ ಅಂಥ ದಾನಪತ್ರವನ್ನು ರದ್ದು ಮಾಡಲು ಅವಕಾಶ ಕೊಡುವುದು, ಊಟ, ಆಸರೆ, ಆರೈಕೆ ಕೊಡಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದರೆ ಮಾತ್ರ. ಬಾಯಿಮಾತಿನ ಷರತ್ತನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ. ಆದ್ದರಿಂದ ಹೊಲ ಯಾವ ರಾಜ್ಯದಲ್ಲೇ ಇರಲಿ, ಆ ಒಂದು ಸಾಲು ನೋಂದಣಿಯ ದಿನವೇ ಪತ್ರದಲ್ಲಿ ಇರಬೇಕು.