ಮಳೆಗಾಲಕ್ಕೆ ಮುನ್ನ ನಿಮ್ಮ ಕಾರು: ಕರಾವಳಿಯ ವಾಹನ ಮಾಲಕರು ತಿಳಿದಿರಬೇಕಾದ ವಿಷಯಗಳು

ಹೊಸ ಕಾರು ಖರೀದಿಸಿದ ದಿನ ಅದನ್ನು ನೇರವಾಗಿ ಇಗರ್ಜಿಯ ಅಂಗಳಕ್ಕೆ ತಂದು ಧರ್ಮಗುರುಗಳಿಂದ ಆಶೀರ್ವದಿಸಿ ಮನೆಗೆ ಕೊಂಡೊಯ್ಯುವ ಪದ್ಧತಿ ನಮ್ಮಲ್ಲಿದೆ. ಪವಿತ್ರ ಜಲ ಪ್ರೋಕ್ಷಿಸಿ, ಕನ್ನಡಿಗೆ ಜಪಮಾಲೆ ತೂಗುಹಾಕಿ, ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ತೋಫರರ ಪುಟ್ಟ ಪ್ರತಿಮೆಯನ್ನು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸುತ್ತೇವೆ. ಇದು ಒಳ್ಳೆಯ ಪದ್ಧತಿಯೇ. ಆದರೆ ಅದೇ ಕಾರಿನ ಎಂಜಿನ್ ಆಯಿಲ್ ಬದಲಾಯಿಸಿ ಎಷ್ಟು ಸಮಯವಾಯಿತು, ಬ್ರೇಕ್ ಆಯಿಲ್ ಯಾವಾಗ ಹಾಕಿಸಿದ್ದು ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ. ಜೂನ್ ತಿಂಗಳಿನಿಂದ ನಾಲ್ಕು ತಿಂಗಳ ಕಾಲ ಮಳೆ, ವರ್ಷವಿಡೀ ಉಪ್ಪು ಗಾಳಿ, ಊರಿನಿಂದ ಹೊರಟರೆ ಘಾಟಿ ರಸ್ತೆ. ಇಂತಹ ಕರಾವಳಿಯಲ್ಲಿ ಕಾರು ಇಟ್ಟುಕೊಂಡವರು ಬಯಲುಸೀಮೆಯವರಿಗಿಂತ ಒಂದಿಷ್ಟು ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ.

ಮೊದಲಿಗೆ ಸರ್ವಿಸಿನ ಲೆಕ್ಕ. ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ಆರಂಭದ ಉಚಿತ ಸರ್ವಿಸುಗಳು ಮುಗಿದ ನಂತರ 10,000 ಕಿಲೋಮೀಟರಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಸರ್ವಿಸ್ ಎಂದು ಕಂಪೆನಿಯವರು ನಿಗದಿಪಡಿಸಿರುತ್ತಾರೆ. ಇದರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ನಮ್ಮವರು ತಪ್ಪುವುದು ಇಲ್ಲಿಯೇ. ಭಾನುವಾರ ಪೂಜೆಗೆ, ವಾರಕ್ಕೊಮ್ಮೆ ಪೇಟೆಗೆ, ಯಾವಾಗಲಾದರೊಮ್ಮೆ ರೋಸ್, ಮದುವೆ ಎಂದು ಹೋಗುವ ಕಾರು ವರ್ಷಕ್ಕೆ 3,000 ಕಿಲೋಮೀಟರ್ ಓಡಿದರೆ ಹೆಚ್ಚು. 'ಹತ್ತು ಸಾವಿರ ಇನ್ನೂ ಆಗಿಲ್ಲವಲ್ಲ' ಎಂದು ಮೂರು ವರ್ಷ ಹಾಗೆಯೇ ಬಿಡುತ್ತಾರೆ. ಇಂತಹ ಕಡಿಮೆ ಓಟದ ಕಾರಿನಲ್ಲಿ ಆಯಿಲ್ ಬೇಗ ಕೆಡುತ್ತದೆಯೇ ಹೊರತು ನಿಧಾನವಾಗಿ ಅಲ್ಲ. ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದಾಗ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗೆ ಕೂಡಿದ ತೇವಾಂಶ ಆವಿಯಾಗಿ ಹೊರಹೋಗುವುದಿಲ್ಲ, ಅದು ಆಯಿಲಿನೊಂದಿಗೇ ಸೇರಿಕೊಳ್ಳುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದಾಗ ಅಡಿಯಲ್ಲಿ ಮಜ್ಜಿಗೆಯಂತಹ ಬಿಳಿ ಪದಾರ್ಥ ಅಂಟಿಕೊಂಡಿದ್ದರೆ ಹೆಚ್ಚಾಗಿ ಇದೇ ಕಾರಣ. (ಆಯಿಲ್ ಅಳೆಯುವ ಕಡ್ಡಿಯಲ್ಲೂ ಅದೇ ಬಣ್ಣ ಕಂಡರೆ ಕೂಲೆಂಟ್ ಸೋರಿ ಎಂಜಿನ್ನಿನ ಒಳಗೆ ಸೇರುತ್ತಿರಬಹುದು, ಆಗ ಕೂಡಲೇ ಮೆಕ್ಯಾನಿಕ್‌ಗೆ ತೋರಿಸಬೇಕು.) ಆದ್ದರಿಂದ ಎಷ್ಟೇ ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಾಯಿಸಲೇಬೇಕು. ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ ಇದಕ್ಕೆ ಸೂಕ್ತ ಸಮಯ. ಮೇ ಕೊನೆಗೆ ಗ್ಯಾರೇಜುಗಳಲ್ಲಿ ಕಾರು ನಿಲ್ಲಿಸಲೂ ಜಾಗವಿರುವುದಿಲ್ಲ.

ಬ್ರೇಕ್ ಆಯಿಲ್ ಬಗ್ಗೆ ಸ್ವಲ್ಪ ವಿವರವಾಗಿ

ಮಾತಿನಲ್ಲಿ ಬ್ರೇಕ್ ಆಯಿಲ್ ಎನ್ನುತ್ತೇವಾದರೂ ಅದು ಎಂಜಿನ್ ಆಯಿಲಿನಂತಹ ಎಣ್ಣೆಯಲ್ಲ. ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುವುದು ಅದರ ಗುಣ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಊರಿನಲ್ಲಿ ತೇವಾಂಶಕ್ಕೇನು ಕೊರತೆ? ಹೊಸದಾಗಿ ಡಬ್ಬಿ ಒಡೆದ ಡಾಟ್ 3 ದರ್ಜೆಯ ಬ್ರೇಕ್ ಫ್ಲೂಯಿಡ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದೆ ನಿಲ್ಲಬೇಕು. ಶೇಕಡಾ ಮೂರೂ ಮುಕ್ಕಾಲರಷ್ಟು ನೀರು ಅದರಲ್ಲಿ ಸೇರಿದರೆ ಈ ಮಿತಿ 140 ಡಿಗ್ರಿಗೆ ಇಳಿಯಬಹುದು. ಡಾಟ್ 4 ದರ್ಜೆಯಲ್ಲಿ ಇದೇ ಲೆಕ್ಕ 230 ಮತ್ತು 155.

ಊರೊಳಗೆ ಓಡಾಡುವಾಗ ಇದರಿಂದ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಘಾಟಿಯಲ್ಲಿ. ಬೆಂಗಳೂರಿನಿಂದ ಬರುವಾಗ 900 ಮೀಟರಿಗೂ ಎತ್ತರದಲ್ಲಿರುವ ಸಕಲೇಶಪುರ ದಾಟಿ ಶಿರಾಡಿ ಇಳಿಯತೊಡಗಿದರೆ ಗುಂಡ್ಯದವರೆಗೆ ಇಳಿಜಾರು. ಚಾರ್ಮಾಡಿಯದ್ದೂ ಇದೇ ಕಥೆ, ಆಗುಂಬೆಯಲ್ಲಂತೂ 14 ಕಡಿದಾದ ತಿರುವುಗಳು. ಕಾರಿನ ತುಂಬ ಜನ, ಹಿಂದೆ ಸಾಮಾನು, ಚಾಲಕರ ಕಾಲು ಬ್ರೇಕಿನ ಮೇಲೆಯೇ. ಬ್ರೇಕಿನ ಬಿಸಿ ಏರಿ, ನೀರು ಸೇರಿದ ಫ್ಲೂಯಿಡ್ ಕುದಿದು ಪೈಪಿನೊಳಗೆ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿದರೆ ಬಲ ಚಕ್ರಕ್ಕೆ ತಲುಪುತ್ತದೆ. ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೆ. ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ ಬ್ರೇಕ್ 'ಒಮ್ಮೆಲೇ ಫೇಲಾಯಿತು' ಎಂದು ಹೇಳುವ ಎಷ್ಟೋ ಘಟನೆಗಳ ಹಿಂದೆ ಇರುವುದು ಹೀಗೆ ಹಳತಾದ ಫ್ಲೂಯಿಡ್.

ಇದಕ್ಕೆ ಪರಿಹಾರ ದುಬಾರಿಯಲ್ಲ. ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ತೆಗೆದು ಹೊಸದನ್ನು ತುಂಬಿಸಬೇಕು. ಮೇಲಿನಿಂದ ಸ್ವಲ್ಪ ಸುರಿದು ಮಟ್ಟ ಸರಿಮಾಡಿದರೆ ಸಾಲದು. ಸರ್ವಿಸಿಗೆ ಕೊಡುವಾಗ 'ಬ್ರೇಕ್ ಆಯಿಲ್ ಬ್ಲೀಡ್ ಮಾಡಿ' ಎಂದು ಸ್ಪಷ್ಟವಾಗಿ ಹೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಾಗೆಯೇ, ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಹತ್ತುವಾಗ ಯಾವ ಗೇರು ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ ಗೇರು ಎಂಬ ಲಾರಿ ಚಾಲಕರ ಮಾತು ಕಾರಿಗೂ ಸಲ್ಲುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಘಾಟಿ ಇಳಿಯುವವರನ್ನು ನಾವು ಈಗಲೂ ಕಾಣುತ್ತೇವೆ. ಇಂಜೆಕ್ಷನ್ ಎಂಜಿನ್ ಇರುವ ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರೈಕೆ ತಾನಾಗಿಯೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಡಲು ಇಂಧನ ಬೇಕೇ ಬೇಕು. ಹೀಗಾಗಿ ಅವರಿಗೆ ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ.

ಟಯರು, ವೈಪರು

ಟಯರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೂ ಅದು ಬಳಕೆಗೆ ಯೋಗ್ಯವಲ್ಲ. ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಟಯರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಬದಲಾಯಿಸುವ ಕಾಲ ಬಂತು ಎಂದರ್ಥ. ಮಳೆಗಾಲಕ್ಕೆ ಅಷ್ಟು ಕಾಯದೆ 3 ಮಿಲಿಮೀಟರ್ ಇರುವಾಗಲೇ ಬದಲಾಯಿಸುವುದು ಲೇಸು ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ರಸ್ತೆಯ ಮೇಲಿನ ನೀರು ಬದಿಗೆ ಹರಿದುಹೋಗಲು ಆ ಗೆರೆಗಳೇ ದಾರಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ಏಳೆಂಟು ವರ್ಷ ಹಳೆಯ ಟಯರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಗಾಳಿ ಎಷ್ಟಿರಬೇಕೆಂಬುದು ಚಾಲಕರ ಬಾಗಿಲಿನ ಬಳಿಯ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ, ಪಂಪಿನವರನ್ನು ಕೇಳಬೇಕಾಗಿಲ್ಲ. ಸ್ಟೆಪ್ನಿಗೂ ಗಾಳಿ ಹಾಕಿಸಲು ಮರೆಯಬೇಡಿ. ವೈಪರಿನ ರಬ್ಬರು ನಮ್ಮ ಬಿಸಿಲಿಗೆ ಒಂದು ವರ್ಷಕ್ಕಿಂತ ಹೆಚ್ಚು ಬಾಳುವುದು ಕಷ್ಟ, ಪ್ರತಿ ಮೇ ತಿಂಗಳಲ್ಲಿ ಬದಲಾಯಿಸಿಬಿಡಿ.

ನೀರಿನಲ್ಲಿ ನಿಂತ ಕಾರು

2018ರ ಮೇ 29ರಂದು ಮಂಗಳೂರಿನಲ್ಲಿ ಸುರಿದ ಮಳೆಯನ್ನು ಯಾರೂ ಮರೆತಿರಲಾರರು. ತಗ್ಗು ಪ್ರದೇಶಗಳಲ್ಲಿ ರಸ್ತೆ, ಮನೆ, ವಾಹನ ಎಲ್ಲವೂ ನೀರಿನಲ್ಲಿ. ಇಂತಹ ದಿನಗಳಲ್ಲಿ ಕಾರು ಹಾಳಾಗುವುದು ನೀರಿನಿಂದ ಮಾತ್ರವಲ್ಲ, ನಿಂತುಹೋದ ಕಾರನ್ನು ಮತ್ತೆ ಸ್ಟಾರ್ಟ್ ಮಾಡುವ ನಮ್ಮ ಆತುರದಿಂದಲೂ ಹೌದು. ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಅದುಮುತ್ತದೆ. ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ನೀರು ಒಳಹೋಗಿದ್ದರೆ, ನೀರನ್ನು ಅದುಮಲಾಗದು. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಎಂಜಿನ್ ಬಿಚ್ಚದೆ ಗತಿಯಿಲ್ಲ.

ಮುಖ್ಯವಾದ ಮಾತೆಂದರೆ, ಸಾಮಾನ್ಯ ಸಮಗ್ರ ವಿಮೆಯಲ್ಲಿ ಈ ಹಾನಿಗೆ ಹಣ ಸಿಗುವುದಿಲ್ಲ. ನೀರು ನುಗ್ಗಿ ಸೀಟು, ಕಾರ್ಪೆಟ್ ಹಾಳಾದರೆ ಕೊಡುತ್ತಾರೆ. ನೀರಿನಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ ಒಡೆದುಕೊಂಡರೆ ಅದು ಮಾಲಕರೇ ತಂದುಕೊಂಡ ಹಾನಿ ಎಂದು ನಿರಾಕರಿಸುತ್ತಾರೆ. ಎಂಜಿನ್ ರಕ್ಷಣೆಗೆಂದೇ ಪ್ರತ್ಯೇಕ ಹೆಚ್ಚುವರಿ ಕವರ್ ಇದೆ. ತೋಡಿನ ಬದಿಯಲ್ಲಿ, ನದಿ ದಡದಲ್ಲಿ, ಪೇಟೆಯ ತಗ್ಗಿನಲ್ಲಿ ಮನೆಯಿರುವವರು ವಿಮೆ ನವೀಕರಿಸುವಾಗ ಇದನ್ನು ಕೇಳಿ ಸೇರಿಸಿಕೊಳ್ಳುವುದು ಉತ್ತಮ. ನೀರಿನ ನಡುವೆ ಕಾರು ನಿಂತರೆ ಕೀ ಮುಟ್ಟಬೇಡಿ. ಮೊದಲು ಮಕ್ಕಳನ್ನು, ಹಿರಿಯರನ್ನು ಇಳಿಸಿ ಎತ್ತರದ ಜಾಗಕ್ಕೆ ಕರೆದೊಯ್ಯಿರಿ, ಬಳಿಕ ಕಾರನ್ನು ತಳ್ಳಿಸಿ, ಟೋ ಮಾಡಿಸಿ ಗ್ಯಾರೇಜಿಗೆ ಸಾಗಿಸಿ.

ಶೆಡ್ಡಿನಲ್ಲಿ ನಿಂತ ಕಾರು

ನಮ್ಮ ಧರ್ಮಕೇಂದ್ರಗಳಲ್ಲಿ ಇದು ದೊಡ್ಡ ಸಮಸ್ಯೆ. ಮಗ ಗಲ್ಫಿನಲ್ಲಿ, ಮಗಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ತಂದೆ ತಾಯಿ, ಶೆಡ್ಡಿನಲ್ಲಿ ಹೊದಿಕೆ ಹಾಕಿದ ಕಾರು. ಕ್ರಿಸ್ಮಸ್ ರಜೆಗೆ ಮಗ ಬಂದಾಗಲೇ ಅದಕ್ಕೆ ಜೀವ. ಬಂದವರು ಮೊದಲ ವಾರ ಗ್ಯಾರೇಜಿನಲ್ಲೇ ಕಳೆಯುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಮಳೆಗಾಲದ ತೇವಕ್ಕೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಡಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಡಿ. ಇಂಧನ ಟ್ಯಾಂಕನ್ನು ಅರ್ಧ ಖಾಲಿ ಬಿಡುವುದಕ್ಕಿಂತ ತುಂಬಿಸಿ ಇಡುವುದು ಒಳ್ಳೆಯದು. ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುತ್ತದೆ, ಎಥನಾಲ್ ತೇವಾಂಶ ಹೀರುತ್ತದೆ, ಖಾಲಿ ಜಾಗ ಹೆಚ್ಚಿದ್ದಷ್ಟೂ ಒದ್ದೆ ಗಾಳಿಗೆ ಅವಕಾಶ ಹೆಚ್ಚು. 2023ರ ಏಪ್ರಿಲ್‌ಗಿಂತ ಹಿಂದಿನ ಕಾರುಗಳಲ್ಲಿ ಎಷ್ಟೋ ಕಾರುಗಳನ್ನು ಇಷ್ಟು ಎಥನಾಲ್‌ಗೆಂದು ತಯಾರಿಸಿರಲಿಲ್ಲ; ಅವುಗಳ ಇಂಧನ ಪೈಪು, ರಬ್ಬರು ಸೀಲುಗಳನ್ನು ಸರ್ವಿಸಿನಲ್ಲಿ ನೋಡಲು ಹೇಳಿ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಸ್ಟಾರ್ಟ್ ಮಾಡುವಾಗ ಬಳಸಿದ ವಿದ್ಯುತ್ ಬ್ಯಾಟರಿಗೆ ಮರಳುವುದಿಲ್ಲ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ನಂಬಿಕಸ್ಥ ನೆರೆಯವರೊಬ್ಬರು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ ತಂದರೆ ಬ್ಯಾಟರಿ, ಬ್ರೇಕು, ಟಯರು, ಏಸಿ ಎಲ್ಲಕ್ಕೂ ಕ್ಷೇಮ. ಇದಕ್ಕಾಗಿ ಅವರಿಗೆ ಪೆಟ್ರೋಲಿನ ಹಣ ಕೊಡಲು ಸಂಕೋಚ ಬೇಡ. ಓಡಿಸುವವರಲ್ಲಿ ಲೈಸೆನ್ಸ್ ಇರಬೇಕು, ಕಾರಿಗೆ ವಿಮೆ ಇರಬೇಕು ಎಂದು ಪ್ರತ್ಯೇಕ ಹೇಳಬೇಕಾಗಿಲ್ಲ.

ಮಳೆ ಹಿಡಿದರೆ ಇಲಿಗಳಿಗೆ ಬೆಚ್ಚಗಿನ ಎಂಜಿನ್ ಕೋಣೆಗಿಂತ ಒಳ್ಳೆಯ ಮನೆ ಬೇರೆ ಇಲ್ಲ. ವಯರು ಕಡಿದರೆ ರಿಪೇರಿಗೆ ಸಾವಿರಗಟ್ಟಲೆ ಖರ್ಚು. ಕೆಲವರು ಹೊಗೆಸೊಪ್ಪು ಕಟ್ಟುತ್ತಾರೆ, ಕೆಲವರು ನುಸಿಗುಳಿಗೆ ಇಡುತ್ತಾರೆ. ಒಂದಿಷ್ಟು ದಿನ ಪ್ರಯೋಜನವಿದೆ. ಬಾನೆಟ್ ಆಗಾಗ ತೆರೆದು ನೋಡುವುದು, ಶೆಡ್ಡಿನಲ್ಲಿ ತೆಂಗಿನಕಾಯಿ, ಭತ್ತ, ಕೋಳಿ ಆಹಾರ ಕೂಡಿಡದಿರುವುದು ಅದಕ್ಕಿಂತ ಖಚಿತ ಉಪಾಯ. ಶೆಡ್ ಇಲ್ಲದವರು ತೆಂಗಿನ ಮರದ ಅಡಿಯೊಂದನ್ನು ಬಿಟ್ಟು ಎಲ್ಲಿ ಬೇಕಾದರೂ ನಿಲ್ಲಿಸಬಹುದು!

ತುಕ್ಕಿನ ಬಗ್ಗೆ ಎರಡು ಮಾತು. ಕಡಲ ದಡದ ಊರುಗಳಲ್ಲಿ ಉಪ್ಪು ಗಾಳಿಯಿಂದ ಕಾರಿನ ತಳಭಾಗ ಮೊದಲು ಕೊಳೆಯುತ್ತದೆ. ಬೀಚಿಗೆ ಹೋಗಿ ಮರಳಿನ ಮೇಲೆ ಓಡಿಸಿದರೆ ಅದೇ ದಿನ ಸಿಹಿನೀರಿನಿಂದ ತಳ ತೊಳೆಯಬೇಕು. ಬಾಗಿಲಿನ ಅಡಿಯಂಚಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಕೆಂಪು ಮಣ್ಣು ತುಂಬಿ ಅವು ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಿ.

ಬಿಲ್ಲನ್ನು ಓದಿ

ವಾರಂಟಿ ಇರುವ ತನಕ ಕಂಪೆನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೇ ಹೋಗುವುದು ಒಳ್ಳೆಯದು. ಆಮೇಲೆ ಊರಿನ ಒಳ್ಳೆಯ ಮೆಕ್ಯಾನಿಕ್ ಸಾಕು. ಎಲ್ಲಿಗೇ ಹೋದರೂ ಕಾರಿನೊಂದಿಗೆ ಬಂದ ಕೈಪಿಡಿಯನ್ನು ಜೊತೆಗೆ ಒಯ್ಯಿರಿ. ಈ ಕಿಲೋಮೀಟರಿಗೆ ಏನೇನು ಮಾಡಬೇಕೆಂದು ಅದರಲ್ಲಿ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿಲ್ಲದ ಎಂಜಿನ್ ಡ್ರೆಸ್ಸಿಂಗ್, ಇಂಟೀರಿಯರ್ ಪಾಲಿಶ್, ಏಸಿ ಸುಗಂಧ ಮುಂತಾದವನ್ನು ಸೇರಿಸಿ ನಾಲ್ಕು ಸಾವಿರದ ಬಿಲ್ಲನ್ನು ಒಂಬತ್ತು ಸಾವಿರಕ್ಕೆ ಏರಿಸುವವರು ಇದ್ದಾರೆ. ಬೇಡವೆಂದರೆ ಬೇಡವೆಂದು ಕಾರು ಒಪ್ಪಿಸುವಾಗಲೇ ಬರೆಸಿ. ಬದಲಾಯಿಸಿದ ಹಳೆಯ ಬಿಡಿಭಾಗಗಳನ್ನು ತೋರಿಸಲು ಕೇಳುವುದು ನಿಮ್ಮ ಹಕ್ಕು. ಪ್ರಾಮಾಣಿಕ ಮೆಕ್ಯಾನಿಕ್‌ಗಳು ಕೇಳದೆಯೇ ತೋರಿಸುತ್ತಾರೆ. ವಿದ್ಯುತ್ ಕಾರು ಕೊಂಡವರಿಗೆ ಎಂಜಿನ್ ಆಯಿಲಿನ ಖರ್ಚು ಇಲ್ಲ, ಆದರೆ ಬ್ರೇಕ್ ಫ್ಲೂಯಿಡ್, ಟಯರು, ಏಸಿ ಫಿಲ್ಟರಿನ ಮಾತು ಅವರಿಗೂ ಅನ್ವಯಿಸುತ್ತದೆ.

ಇನ್ನು ಕಾಗದಪತ್ರ. ಹೊಗೆ ತಪಾಸಣೆಯ ಪ್ರಮಾಣಪತ್ರ ಈಗಿನ ಕಾರುಗಳಿಗೆ ವರ್ಷಕ್ಕೊಮ್ಮೆ ಬೇಕು. ನೋಂದಣಿಯಾಗಿ 15 ವರ್ಷ ತುಂಬಿದ ಖಾಸಗಿ ಕಾರಿನ ಆರ್‌ಸಿ ನವೀಕರಿಸಬೇಕು, ಅದಕ್ಕೆ ವಾಹನವನ್ನು ಆರ್‌ಟಿಒ ತಪಾಸಣೆಗೆ ಒಯ್ಯಬೇಕಾಗುತ್ತದೆ. ವಿಮೆಯ ಕೊನೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅವಧಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೆ ವರ್ಷಗಳಿಂದ ಕೂಡಿಸಿದ ನೋ ಕ್ಲೈಮ್ ಬೋನಸ್ ಕೈತಪ್ಪುತ್ತದೆ, ಮತ್ತೆ ಸೊನ್ನೆಯಿಂದ ಆರಂಭಿಸಬೇಕಾಗುತ್ತದೆ.