ಕಾಂಕ್ರೀಟು ಕುಗ್ಗುವ ಮೊದಲ ಗಂಟೆಗಳು

ಬೇಸಿಗೆಯಲ್ಲಿ ಬೆಳಿಗ್ಗೆ ಮೋಲ್ಡ್ ಹಾಕಿದ ತಾರಸಿಯಲ್ಲಿ ಸಂಜೆಯೊಳಗೇ ಬಿರುಕು ಕಾಣಿಸಿಕೊಳ್ಳುವುದುಂಟು. ಸಿಮೆಂಟು ಕಳಪೆ ಎಂದು ದೂರುವವರೇ ಹೆಚ್ಚು. ಆದರೆ ಇಲ್ಲಿ ಮೊದಲು ನೋಡಬೇಕಾದದ್ದು ನೀರಿನ ಲೆಕ್ಕ.

ಹಸಿ ಕಾಂಕ್ರೀಟಿನಲ್ಲಿ ಜಲ್ಲಿ, ಮರಳು, ಸಿಮೆಂಟು ಕೆಳಗೆ ಕೂರುತ್ತಿದ್ದಂತೆ ಒಂದಿಷ್ಟು ನೀರು ಮೇಲಕ್ಕೆ ಜಿನುಗಿ ಹೊಳೆಯುತ್ತದೆ. ಜಿನುಗುವುದಕ್ಕಿಂತ ಬೇಗ ಬಿಸಿಲು, ಗಾಳಿ ಅದನ್ನು ಆರಿಸಿದರೆ ಹೊಳಪು ಮಾಯ. ಆಗ ನೀರು ಸಿಮೆಂಟಿನ ಕಣಗಳ ಸಂದಿಗಿಳಿದು, ಅದರ ಮೇಲ್ಮೈ ಒಳಬಾಗಿ, ಕಣಗಳನ್ನು ಹತ್ತಿರಕ್ಕೆ ಜಗ್ಗುತ್ತದೆ. ಸಂದಿ ಕಿರಿದಾದಷ್ಟೂ ಎಳೆತ ಜೋರು. ಇನ್ನೂ ಗಟ್ಟಿಯಾಗದ ಕಾಂಕ್ರೀಟು ತಾಳಲಾರದೆ ಸೀಳುತ್ತದೆ. ಚದರ ಮೀಟರಿಗೆ ಗಂಟೆಗೆ ಸುಮಾರು 1 ಕಿಲೋ ನೀರು ಆರುವಂತಿದ್ದರೆ ಅಪಾಯ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ.

ಹನಿ ನೀರೂ ಹೊರಹೋಗದಂತೆ ಮುಚ್ಚಿಟ್ಟರೂ ಕುಗ್ಗುವಿಕೆ ನಿಲ್ಲುವುದಿಲ್ಲ. ಸಿಮೆಂಟೂ ನೀರೂ ಸೇರಿ ಆಗುವ ವಸ್ತು, ಅವೆರಡೂ ಬೇರೆಬೇರೆಯಾಗಿ ತುಂಬಿದ್ದಕ್ಕಿಂತ ಕಡಿಮೆ ಜಾಗ ಹಿಡಿಯುತ್ತದೆ. 100 ಗ್ರಾಂ ಸಿಮೆಂಟು ಪೂರ್ತಿ ಕೂಡಿಕೊಂಡರೆ ಸುಮಾರು 6 ಮಿಲಿಲೀಟರ್ ಕಡಿತ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಂರಿ ಲ ಶಾತಲಿಯೇ ಇದನ್ನು 1900ರ ಸುಮಾರಿಗೇ ಗುರುತಿಸಿದ್ದ. ಹಸಿಯಿರುವಾಗ ಇಡೀ ರಾಶಿಯೇ ಕುಸಿದು ಆ ಕೊರತೆ ತುಂಬುತ್ತದೆ. ಒಮ್ಮೆ ಬಿಗಿದುಕೊಂಡ ಮೇಲೆ ಕುಸಿಯಲಾಗದೆ ಒಳಗೆ ರಂಧ್ರಗಳು ಬರಿದಾಗುತ್ತವೆ. ಅಲ್ಲಿಯೂ ಅದೇ ಎಳೆತ. ನೀರು ಕಡಿಮೆ ಹಾಕಿ ಮಾಡುವ ಅಧಿಕ ಬಲದ ಕಾಂಕ್ರೀಟಿಗೆ ಈ ಕಾಟ ಹೆಚ್ಚು.

ಕಂಪ್ಯೂಟರ್ ಮಾದರಿಗಳು ಇದನ್ನೇ ಗಂಟೆಗಂಟೆಗೆ ಲೆಕ್ಕ ಹಾಕುತ್ತವೆ: ಎಷ್ಟು ಸಿಮೆಂಟು ಕೂಡಿಕೊಂಡಿತು, ಎಷ್ಟು ರಂಧ್ರ ಬರಿದಾಯಿತು, ಎಳೆತ ಎಷ್ಟು, ಅದನ್ನು ತಡೆಯುವ ಬಲ ಎಷ್ಟು. ಎಳೆತವೂ ಬೆಳೆಯುತ್ತದೆ, ಬಲವೂ ಬೆಳೆಯುತ್ತದೆ. ಎಳೆತ ಮುಂದಾದಲ್ಲಿ ಬಿರುಕು. ಕಷ್ಟವಿರುವುದು ಲೆಕ್ಕವನ್ನು ಯಾವ ಕ್ಷಣದಿಂದ ಶುರುಮಾಡಬೇಕೆಂಬಲ್ಲಿ. ದ್ರವ ಘನವಾಗುವ ಆ ಹೊತ್ತನ್ನು ಒಂದು ಗಂಟೆ ಹಿಂದೆಮುಂದೆ ಹಿಡಿದರೂ ಉತ್ತರವೇ ಬದಲಾಗಬಹುದು. ಅದಕ್ಕೇ ಪ್ರಯೋಗಾಲಯದಲ್ಲಿ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಗೆ ಸಿಮೆಂಟು ಕಲಸು ತುಂಬಿ ಬಾಯಿ ಮುಚ್ಚುತ್ತಾರೆ. ಸುಕ್ಕುಗಳಿಂದಾಗಿ ಕೊಳವೆ ಅಡ್ಡಕ್ಕೆ ಕುಗ್ಗದೆ ಉದ್ದಕ್ಕೇ ಕುಗ್ಗುತ್ತದೆ. ಬಿಗಿದುಕೊಂಡ ಕ್ಷಣದಿಂದ ಅದರ ತುದಿ ಸರಿದದ್ದನ್ನು ಅಳೆಯುತ್ತಾರೆ.

ಮನೆ ಕಟ್ಟಿಸುವವರಿಗೆ ಇದರಿಂದ ಸಿಗುವ ಪಾಠ ನೇರವಾದದ್ದು. ಒಣ ಬಿಸಿ ಹವೆಯಲ್ಲಿ ಕನಿಷ್ಠ 10 ದಿನ ಕ್ಯೂರಿಂಗ್ ಬೇಕೆನ್ನುತ್ತದೆ ಭಾರತೀಯ ಮಾನಕ ಐಎಸ್ 456. ಆದರೆ ಮರುದಿನ ಬೆಳಿಗ್ಗೆ ನೀರು ಕಟ್ಟಿದರಾಯಿತು ಎಂದು ಕಾಯಬೇಡಿ. ಮೇಲ್ಮೈ ನಯ ಮಾಡಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ. ಬಿಗಿದುಕೊಂಡ ಮೇಲೆ ಒದ್ದೆ ಗೋಣಿತಾಟು ಹಾಕಿ. ಮೊದಲ ಕೆಲವು ಗಂಟೆಗಳಲ್ಲಿ ಬಿಟ್ಟ ಬಿರುಕನ್ನು ಆಮೇಲಿನ ಹತ್ತು ದಿನದ ನೀರು ಕೂಡಿಸಲಾರದು.