ಈಜಲು ಬಂದರೆ ಸಾಲದು

ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗೂ ಹೆಚ್ಚು ಬೇಕು. ಆಗಲೂ ಅದಕ್ಕೆ ನೆಟ್ಟಗೆ ಈಜಲು ಬರುವುದಿಲ್ಲ. ವೃಷಣಕ್ಕೆ ಅಂಟಿಕೊಂಡೇ ಸುರುಳಿ ಸುತ್ತಿದ ನಾಳವೊಂದಿದೆ, ಎಪಿಡಿಡಿಮಿಸ್. ಬಿಡಿಸಿ ಚಾಚಿದರೆ ಸುಮಾರು 6 ಮೀಟರ್! ಅದನ್ನು ದಾಟುವಷ್ಟರಲ್ಲಿ ಈಜುವ ಶಕ್ತಿ ಬರುತ್ತದೆ.

ಇಷ್ಟಾದರೂ, ಹೊರಬಂದ ಕೂಡಲೇ ಅಂಡಾಣುವಿನ ಪಕ್ಕದಲ್ಲೇ ಬಿಟ್ಟರೂ ಅದು ಒಳಹೋಗಲಾರದು. ಅಮೆರಿಕದಲ್ಲಿ ಎಂ. ಸಿ. ಚಾಂಗ್, ಆಸ್ಟ್ರೇಲಿಯಾದ ಕಾಲಿನ್ ಆಸ್ಟಿನ್ 1951ರಲ್ಲಿ ಮೊಲ, ಇಲಿಗಳಲ್ಲಿ ಇದನ್ನು ಬೇರೆಬೇರೆಯಾಗಿ ಕಂಡುಕೊಂಡರು. ವೀರ್ಯಾಣು ಹೆಣ್ಣಿನ ದೇಹದೊಳಗೆ ಕೆಲವು ಗಂಟೆ ಕಳೆದು ಹದಗೊಳ್ಳಬೇಕು. ಇದೇ ಕೆಪಾಸಿಟೇಶನ್.

ಹತ್ತಿರದಿಂದ ನೋಡಿ. ವೀರ್ಯಾಣುವಿನ ಹೊರಪೊರೆಯನ್ನು ಕೊಲೆಸ್ಟ್ರಾಲ್ ಬಿಗಿಯಾಗಿ ಹಿಡಿದಿಟ್ಟಿದೆ. ಹೆಣ್ಣಿನ ದೇಹದ ದ್ರವದಲ್ಲಿರುವ ಅಲ್ಬುಮಿನ್ ಅದನ್ನು ಸೆಳೆದುಕೊಳ್ಳುತ್ತದೆ. ಪೊರೆ ಸಡಿಲವಾಗುತ್ತದೆ. ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಅಲ್ಲಿಯವರೆಗೆ ಹಗುರವಾಗಿ ಆಡುತ್ತಿದ್ದ ಬಾಲ ಈಗ ಚಾಟಿ ಬೀಸಿದ ಹಾಗೆ ಬಡಿಯುತ್ತದೆ. ತಲೆಯ ಮೇಲಿನ ಟೋಪಿಯಂಥ ಅಕ್ರೋಸೋಮ್ ಒಡೆಯಲು ಸಿದ್ಧ. ಅದು ಒಡೆದರೆ ಮಾತ್ರ ಅಂಡಾಣುವಿನ ಕವಚ ದಾಟಬಹುದು.

ಲಕ್ಷಾಂತರ ವೀರ್ಯಾಣುಗಳ ಓಟದ ಪಂದ್ಯ, ಮೊದಲು ಮುಟ್ಟಿದವನೇ ಗೆದ್ದ ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರಲ್ಲ, ಆ ಕಥೆ ನನಗೆ ಒಪ್ಪಿಗೆಯಿಲ್ಲ. ಹೆಣ್ಣಿನ ದೇಹ ಬರೀ ಓಟದ ದಾರಿಯಲ್ಲ, ವೀರ್ಯಾಣುವನ್ನು ಅಣಿಗೊಳಿಸುವುದೇ ಅದು.

ಈ ಹದ ದೇಹದ ಹೊರಗೆ ಸಿಗಲು ವರ್ಷಗಳೇ ಹಿಡಿದವು. 1969ರಲ್ಲಿ ಕೇಂಬ್ರಿಜ್‌ನ ರಾಬರ್ಟ್ ಎಡ್ವರ್ಡ್ಸ್ ತಂಡ ಹ್ಯಾಮ್‌ಸ್ಟರ್ ವೀರ್ಯಾಣುಗಳಿಗೆಂದು ತಯಾರಿಸಿದ್ದ ದ್ರಾವಣದಲ್ಲೇ ಮನುಷ್ಯರ ಅಂಡಾಣುವನ್ನು ಫಲಗೊಳಿಸಿತು. ಹೀಗೆ ದೇಹದ ಹೊರಗೆ ಫಲಗೊಂಡ ಅಂಡಾಣುವಿನಿಂದಲೇ 1978ರ ಜುಲೈನಲ್ಲಿ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು.